ಭೂಮಿ ಋಣ ಆಯ್ತು

ಅವರು ತೀರಿಕೊಂಡ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಇದು ಎರಡನೆಯ ಸಲ. ಮೊದಲನೆಯ ಸಲ ಆ ಸುದ್ದಿ ಮನೆಬಾಗಿಲಿಗೆ ಬಂದಾಗ ಅವರು ನನ್ನ ಕಣ್ಣೆದುರೇ ಜಗಲಿಯಲ್ಲಿ ಕೂತು ಬ್ಯಾಟರಿಯ ಕೊಂಡಿ ಉಜ್ಜುತ್ತಿದ್ದರು. ಹಾಗಾಗಿ ಮೊನ್ನೆ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿ, “ಟೀಚರ್ ಹೋಗಿಬಿಟ್ರು” ಎಂದಾಗ ನನ್ನ ಬಾಯಿಂದ ಬಂದ ಮಾತು, “ಯಾರಾದರೂ ಸರಿಯಾಗಿ ನೋಡಿದರಾ?” ಎಂಬುದು. ಅಳುತ್ತಿದ್ದ ಹುಡುಗಿ ಅದೇ ಮಾತನ್ನು ಇನ್ನೊಮ್ಮೆ ನಿಧಾನವಾಗಿ ಬಿಡಿಸಿ ಹೇಳಿದಳು. ನನಗೆ ವಯಸ್ಸಾಗಿದೆ, ಬುದ್ಧಿ ಅಷ್ಟಕ್ಕಷ್ಟೇ ಎಂದುಕೊಂಡಿರಬೇಕು. ಈ ಸಲ ಸುದ್ದಿ ನಿಜವಾಗಿತ್ತು.

ಹೆಸರು ಬರೆಯುವುದಿಲ್ಲ. ಅವರಿದ್ದಿದ್ದರೆ ಬೇಡವೆನ್ನುತ್ತಿದ್ದರು. ಅಲ್ಲದೆ ಆಗಿನ ವಿರಾಜಪೇಟೆಯಲ್ಲಿ ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಕಾರ್ ಟೀಚರ್’ ಎಂದರೆ ಮೀನಿನ ಬುಟ್ಟಿ ಹೊತ್ತವನೂ ನಿಂತು ಮನೆ ತೋರಿಸುತ್ತಿದ್ದ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ನಾನು ಶನಿವಾರಸಂತೆ ಕಡೆಯಿಂದ ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಕನ್ನಡ ಪಂಡಿತಳಾಗಿ ಬಂದೆ. ಅವರು ಅಲ್ಲಿ ವಿಜ್ಞಾನದ ಟೀಚರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಒಂಟಿ. ತಮ್ಮ ಬಾಡಿಗೆ ಮನೆಯಲ್ಲಿ ಒಂದು ಕೋಣೆ ನನಗೆ ಬಿಟ್ಟುಕೊಟ್ಟರು. ಶಾಲೆಯಲ್ಲಿ ನನಗೆ ಅವರು ‘ಟೀಚರ್’, ಮನೆಯಲ್ಲಿ ‘ಅಕ್ಕ’. ಅವರಿಗೆ ಮಾತ್ರ ಎರಡೂ ಕಡೆ ನಾನು ‘ಪಂಡಿತರೇ’. ಅದರಲ್ಲಿ ಅರ್ಧ ಗೌರವ, ಅರ್ಧ ಗೇಲಿ.

ಎತ್ತರದ ಆಳು. ತುರುಬಿನಲ್ಲಿ ಸದಾ ಏನಾದರೊಂದು ಸಿಕ್ಕಿಸಿಕೊಂಡಿರುತ್ತಿದ್ದರು. ಶಾಲೆಯಲ್ಲಾದರೆ ಪೆನ್ಸಿಲು, ಮನೆಯಲ್ಲಾದರೆ ಸ್ಕ್ರೂಡ್ರೈವರು. ಒಂದು ದಿನ ಎರಡೂ ಅದಲುಬದಲಾಗಿ, ಇನ್ಸ್‌ಪೆಕ್ಟರು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಾಗ ತುರುಬಿನಿಂದ ಸ್ಕ್ರೂಡ್ರೈವರು ಎಳೆದು ಬೋರ್ಡು ತೋರಿಸಿ ಪಾಠ ಮುಗಿಸಿದರು. ಪಾಠ ಚೆನ್ನಾಗಿತ್ತು ಎಂದು ಇನ್ಸ್‌ಪೆಕ್ಟರು ಬರೆದುಹೋದರು. ಮಕ್ಕಳು ಅದನ್ನೂ ವಿಜ್ಞಾನದ ಉಪಕರಣವೆಂದೇ ತಿಳಿದರು.

ಯಾವ ವಸ್ತು ಕೈಗೆ ಬಂದರೂ ಮೊದಲು ಮೂಸಿ ನೋಡುವುದು ಅವರ ಅಭ್ಯಾಸ. ತಂತಿ, ಸ್ವಿಚ್ಚು, ಮಕ್ಕಳ ಉತ್ತರಪತ್ರಿಕೆ, ಮೊದಲ ದಿನ ನಾನು ಊರಿಂದ ಹೊತ್ತು ತಂದ ಹಾಸಿಗೆ, ಎಲ್ಲಕ್ಕೂ ಅದೇ ಪರೀಕ್ಷೆ. “ಸುಡೋದಕ್ಕೆ ಮೊದಲು ವಾಸನೆ ಬರ್ತದೆ ಪಂಡಿತರೇ. ಮೂಗು ಇದ್ದವರಿಗೆ ಬೆಂಕಿ ಬೀಳೋದಿಲ್ಲ” ಎನ್ನುತ್ತಿದ್ದರು. ಇಷ್ಟು ದೊಡ್ಡ ಮೂಗು ಒಲೆಯ ಮೇಲಿನ ಹಾಲಿನ ವಿಷಯದಲ್ಲಿ ಯಾಕೆ ಕೆಲಸ ಮಾಡುತ್ತಿರಲಿಲ್ಲವೋ ದೇವರಿಗೇ ಗೊತ್ತು. ಅವರ ಜೊತೆಗಿದ್ದಷ್ಟು ವರ್ಷವೂ ನಾನು ತಳ ಹಿಡಿದ ಹಾಲಿನ ಬೆಲ್ಲದ ಕಾಫಿಯನ್ನೇ ಕುಡಿದೆ.

ಅವರಿಗೆ ಇನ್ನೊಂದು ಗೀಳಿತ್ತು. ರಾಜ್ಯ ಒಂದಾದ ಮೇಲೆ ವಿಜ್ಞಾನವನ್ನು ಕನ್ನಡದಲ್ಲಿ ಕಲಿಸಬೇಕೆಂದು ಹೊಸ ಪುಸ್ತಕಗಳು ಬಂದವು. ಪಾಸಿಟಿವ್ ಹೋಗಿ ಧನವಾಯಿತು, ನೆಗೆಟಿವ್ ಋಣವಾಯಿತು, ಕಂಡಕ್ಟರ್ ವಾಹಕವಾಯಿತು. ಉಳಿದ ಟೀಚರುಗಳು ಹೊಸ ಮಾತುಗಳನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಂಡು ಮಿಕ್ಕಂತೆ ಹಳೆಯದನ್ನೇ ನಡೆಸಿದರು. ಅಕ್ಕ ಹಾಗಲ್ಲ. ಹಿಡಿದರೆ ಪೂರ್ತಿ ಹಿಡಿಯುವ ಜನ. ಅಂಗಡಿಗೆ ಹೋಗಿ ಟಾರ್ಚಿಗೆ ‘ಶುಷ್ಕಕೋಶ’ ಕೊಡಿ ಎಂದು ಕೇಳುವರು, ಅಂಗಡಿಯ ಕಾಕ ತಬ್ಬಿಬ್ಬಾಗಿ ನನ್ನ ಮುಖ ನೋಡುವರು. “ಸೆಲ್ಲು” ಎಂದು ನಾನು ಅನುವಾದ ಮಾಡುತ್ತಿದ್ದೆ. ಕನ್ನಡ ಪಂಡಿತಳಾದ ನಾನು ಊರಿನವರಿಗೆ ಅವರ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಗಿತ್ತು. “ಅಕ್ಕ, ಋಣ ಅಂದರೆ ಜನರಿಗೆ ಬೇರೆಯೇ ಕೇಳಿಸುತ್ತೆ” ಎಂದು ಒಮ್ಮೆ ಹೇಳಿದೆ. “ಕೇಳಿ ಕೇಳಿ ಅಭ್ಯಾಸ ಆಗ್ತದೆ. ಪಂಡಿತರೇ ಹೀಗಂದ್ರೆ ಹೇಗೆ?” ಎಂದು ನನಗೇ ತಿರುಗಿಸಿದರು.

ಇನ್ನು ಅವರ ಕಾರು. ಕಪ್ಪು ಬಣ್ಣದ ಹಳೆಯ ವಿಲಾಯಿತಿ ಕಾರು, ಅವರ ಅಪ್ಪನದು. ಕಕ್ಕಬೆಯಲ್ಲಿ ಅವರ ಮನೆ, ಕಾಫಿ ತೋಟ. ಮನೆಯಲ್ಲಿ ಆಡುವುದು ಅರೆಭಾಷೆ. ಅಪ್ಪ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಕಲಿಸಿದರಂತೆ, ಸಾಯುವ ಮೊದಲು “ಕಾರ್ ಗೂಡೆಗೆ” ಎಂದು ಹೇಳಿಯೂ ಹೋದರಂತೆ. ಗೂಡೆ ಎಂದರೆ ಹುಡುಗಿ. ತೋಟ, ಮನೆ, ಯಜಮಾನಿಕೆ ಎಲ್ಲ ಅಣ್ಣನ ಪಾಲಿಗೆ ಬಂತು. ಅದರಲ್ಲಿ ಜಗಳವಿರಲಿಲ್ಲ. ಜಗಳ ಆದದ್ದು ಅಣ್ಣ ಗಂಡು ಹುಡುಕಿದಾಗ. ತಂಗಿ ಬೇಡ ಎಂದರು, ಅಣ್ಣ ಅದನ್ನು ನಾಚಿಕೆ ಎಂದುಕೊಂಡರು. ಗಂಡಿನ ಕಡೆಯವರು ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ ಹೊತ್ತಿಗೆ ಹೆಣ್ಣು ಹಿಂದಿನ ದಾರಿಯಲ್ಲಿ ಕಾರು ಹತ್ತಿ ವಿರಾಜಪೇಟೆಗೆ ಹೊರಟುಹೋಗಿತ್ತು.

ಅಣ್ಣನಿಗೆ ನೆಂಟರೆದುರು ತಲೆ ಎತ್ತಲಾಗಲಿಲ್ಲ. ಆಮೇಲೆ ತಂಗಿ ಮಾತಾಡಲು ಹೋದಾಗ ಓಣಿಯಲ್ಲೇ ತಡೆದು ನಿಲ್ಲಿಸಿ ಹೇಳಿದ ಮಾತು ಇದು: “ಇನ್ನ್ ನಾ ನಿನ್ನ ಮನೆಗೆ ಬಾದು ನಿನ್ನ ಹೆಣ ನೋಡಿಕೆ. ನೀನೂ ಇಲ್ಲಿಗೆ ಬರ್ಬೇಡ.” ಇನ್ನು ಬಂದರೆ ನಿನ್ನ ಹೆಣ ನೋಡಲಿಕ್ಕೇ ಎಂದರ್ಥ. ನನ್ನದು ಕೊಡಗಿನ ಉತ್ತರದ ಕಡೆಯ ಕನ್ನಡ. ಅವರ ಮಾತನ್ನು ನನ್ನ ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಅರೆಭಾಷೆಯವರು ಕ್ಷಮಿಸಲಿ. ಅಕ್ಕ ಈ ಮಾತನ್ನು ನನಗೆ ಹೇಳುವಾಗ ಅಣ್ಣನ ದನಿಯನ್ನೇ ತೆಗೆದು ಹೇಳಿದರು, ಆಮೇಲೆ ನಕ್ಕರು. ಆದರೆ ಆ ಮನೆಯಲ್ಲಿ ಅವರ ಅವ್ವ ಇದ್ದರು. ಅಣ್ಣನ ಮಾತು ತಂಗಿಗೆ ಮುಚ್ಚಿದ್ದು ಅವ್ವನ ಬಾಗಿಲನ್ನು. ಯಾರದೋ ಮದುವೆಯಲ್ಲೋ ತಿಥಿಯಲ್ಲೋ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ತಾಯಿ ಮಗಳಿಗೆ ಭೇಟಿ ಇಲ್ಲ. ಎಷ್ಟೋ ಭಾನುವಾರ ಅಕ್ಕ “ಸುಮ್ನೆ ಒಂದು ರೌಂಡು” ಎಂದು ಕಾರು ತೆಗೆಯುತ್ತಿದ್ದರು. ಆ ರೌಂಡು ಯಾವಾಗಲೂ ಕಕ್ಕಬೆಯ ರಸ್ತೆಯ ಒಂದು ತಿರುವಿನಲ್ಲಿ ಮುಗಿಯುತ್ತಿತ್ತು. ಅಲ್ಲಿಂದ ಕೆಳಗೆ ಆ ಮನೆಯ ಅಂಗಳ ಕಾಣುತ್ತದೆ. ಅವ್ವ ಮೆಣಸು ಒಣಗಿಸುತ್ತಲೋ ಕೋಳಿ ಅಟ್ಟುತ್ತಲೋ ಓಡಾಡುವುದನ್ನು ಒಂದಷ್ಟು ಹೊತ್ತು ನೋಡಿ ವಾಪಸು ಬರುವುದು. ಎಷ್ಟೋ ಸಲ ನಾನೂ ಜೊತೆಗೆ ಹೋಗುತ್ತಿದ್ದೆ.

ಒಂದು ಮಳೆಗಾಲ ಅದೇ ತಿರುವಿನಲ್ಲಿ ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಸೋತಿತ್ತು. ಅಂಗಳದಿಂದ ಅವ್ವ ನೋಡಿದರು. ಅಣ್ಣ ಮನೆಯಲ್ಲಿರಲಿಲ್ಲ. ಅವ್ವ ಡ್ರೈವರನನ್ನು ಮನೆಯ ಜೀಪಿನ ಸಮೇತ ಮೇಲಕ್ಕೆ ಕಳಿಸಿದರು. ಅದು ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಹಿಡಿದ ಅಮೆರಿಕದ ಮಿಲಿಟರಿ ಜೀಪು. ಅಕ್ಕ ಕಾರಿನ ಇನ್ನೊಂದು ಬದಿಯಲ್ಲಿದ್ದರು. ಅವರು ಸುತ್ತಿ ಬರುವುದರೊಳಗೆ ಡ್ರೈವರ ಜೀಪಿನ ಮೂತಿಯನ್ನು ಕಾರಿಗೆ ಒತ್ತಿ ನಿಲ್ಲಿಸಿ ತಂತಿ ತಾಗಿಸಿಬಿಟ್ಟ. ಕಿಡಿ ಹಾರಿತು, ತಂತಿ ಕೆಂಪಗಾಯಿತು, ರಬ್ಬರು ಸುಟ್ಟ ವಾಸನೆ ಕಣಿವೆಗೆಲ್ಲ ಹಬ್ಬಿತು. ಅಕ್ಕನ ಮೂಗಿಗೆ ಮುಂಚೆ ಬರಬೇಕಾದ ವಾಸನೆ ಅವತ್ತು ತಡವಾಗಿ ಬಂತು.

ಕಾರನ್ನು ಮೆಕ್ಯಾನಿಕ್ಕಿನಿಂದ ತರಿಸುವುದೆಂದು ಅಲ್ಲೇ ಬಿಟ್ಟು ಬಸ್ಸಿನಲ್ಲಿ ವಾಪಸು ಬರುವಾಗ, ಯಾಕೆ ಹಾಗಾಯಿತೆಂದು ನನಗೆ ಅವರು ಪಾಠ ಮಾಡಿದರು. ಬ್ಯಾಟರಿಗೆ ಎರಡು ಕೊನೆ, ಧನ ಮತ್ತು ಋಣ. ಅದರಲ್ಲಿ ಒಂದನ್ನು ಗಾಡಿಯ ಕಬ್ಬಿಣದ ಮೈಗೇ ಕಟ್ಟಿರುತ್ತಾರೆ. ಮೆಕ್ಯಾನಿಕ್ಕುಗಳು ಅದನ್ನು ಅರ್ತ್ ಎನ್ನುತ್ತಾರೆ, ಅಕ್ಕ ಭೂಮಿ ಎನ್ನುತ್ತಿದ್ದರು. ವಿಲಾಯಿತಿ ಕಾರಿನಲ್ಲಿ ಧನವೇ ಭೂಮಿ, ಅಮೆರಿಕದ ಜೀಪಿನಲ್ಲಿ ಋಣವೇ ಭೂಮಿ. ಎರಡರ ಮೈ ಒಂದಕ್ಕೊಂದು ತಾಗಿ ನಿಂತಾಗ ತಂತಿ ಕೂಡಿಸಿದರೆ ಬೆಂಕಿ ಗ್ಯಾರಂಟಿ. ಊರಿಗೆ ಬಂದ ಅಣ್ಣ ಇದನ್ನು ಕೇಳಿ, “ಕಂಡರಾ, ನಮ್ಮ ಮನೆ ಕರೆಂಟೂ ಅವ್ಳಿಗೆ ಆಗ್ಲೆ” ಎಂದರಂತೆ, ಆಗಿಬರುವುದಿಲ್ಲ ಎಂದು. ಅದೂ ಡ್ರೈವರನ ಬಾಯಿಂದ ಅಕ್ಕನಿಗೆ ತಲುಪಿತು.

“ಅಣ್ಣ ಹೇಳಿದ್ದು ವಿಜ್ಞಾನದ ಪ್ರಕಾರ ಸರಿಯೇ” ಎಂದರು ಅಕ್ಕ. ಆದರೆ ಆ ಮಾತು ಅವರನ್ನು ಚುಚ್ಚಿತ್ತು. ಅಂದಿನಿಂದ ಕಾರಿನ ಭೂಮಿ ಬದಲಾಯಿಸುವ ಯೋಚನೆ ಹತ್ತಿತು. ಕೇಳಿದವರಿಗೆಲ್ಲ, ಹೊಸ ನಮೂನೆಯ ರೇಡಿಯೋ ಹಾಕಿಸಬೇಕು, ಅದಕ್ಕೆ ಋಣ ಭೂಮಿಯೇ ಬೇಕು ಎನ್ನುತ್ತಿದ್ದರು. ರೇಡಿಯೋ ಕೊಳ್ಳುವ ಲಕ್ಷಣ ನನಗೇನೂ ಕಾಣಲಿಲ್ಲ. ಎರಡು ಗಾಡಿಗಳು ಬೇರೆ ಬೇರೆ ಜಾತಿಯವಾದರೆ ಒಂದರ ಕರೆಂಟು ಇನ್ನೊಂದಕ್ಕೆ ಕೊಡಲು ದಾರಿಯೇ ಇಲ್ಲವೇ ಎಂದು ನಾನು ಕೇಳಿದೆ.

“ಇದೆ. ಎರಡೂ ಮೈ ತಾಗಿಸದೆ ದೂರ ನಿಲ್ಬೇಕು. ತಂತಿ ತಿರುಗಿಸಿ ಕೊಡ್ಬೇಕು.”

“ಹಾಗಾದ್ರೆ ಅಷ್ಟೇ ಸಾಕಲ್ಲ, ಇದೆಲ್ಲ ಯಾಕೆ?”

“ಮೈ ತಾಗದ ಹಾಗೆ ಎಷ್ಟು ದಿನ ನಿಲ್ಲೋದು ಪಂಡಿತರೇ? ಇಬ್ಬರಲ್ಲಿ ಯಾರಾದ್ರೂ ಒಬ್ರು ಬದಲಾಗ್ಬೇಕು. ಜೀಪು ಬದಲಾಗೋ ಪೈಕಿ ಅಲ್ಲ.”

ಇದನ್ನು ಹೇಳಿ ಸ್ಕ್ರೂಡ್ರೈವರನ್ನು ತುರುಬಿನಿಂದ ತೆಗೆದು ಒರೆಸಿ ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. 

ದಸರಾ ರಜೆಯಲ್ಲಿ ಕೆಲಸ ಶುರುವಾಯಿತು. ಜೀಪಿನ ಡ್ರೈವರ ಪೇಟೆಗೆ ಬಂದಾಗಲೆಲ್ಲ ಮನೆ ಮುಂದೆ ನಿಲ್ಲಿಸುತ್ತಿದ್ದ, ಸುಟ್ಟ ತಂತಿಯ ಪಾಪ ಅವನ ತಲೆಯ ಮೇಲಿತ್ತು. ಅಕ್ಕ ಅವನಿಗೂ ಪಾಠ ಮಾಡಿದ್ದರು. “ನಿಮ್ಮ ಜೀಪಿಗೆ ಭೂಮಿ ಯಾವುದು?” “ಋಣ, ಟೀಚರೇ.” “ನನ್ನ ಕಾರಿಗೆ?” “ಈಗ ಧನ, ಆಮೇಲೆ ಋಣ.” “ಋಣ ಆದ ದಿನ ಹೇಳಿ ಕಳಿಸ್ತೇನೆ, ಜೀಪು ತಗೊಂಡು ಬನ್ನಿ” ಎಂದು ಒಪ್ಪಂದವಾಗಿತ್ತು.

ಕೆಲಸ ದೊಡ್ಡದೇನಲ್ಲ ಎಂದು ಅವರು ಹೇಳಿದ್ದರಿಂದ ಅದು ಅರ್ಧ ರಜೆಯನ್ನು ನುಂಗಿತು. ಬ್ಯಾಟರಿಯನ್ನು ತಿರುಗಿಸಿ ಕೂರಿಸಿದರೆ ಕೊಂಡಿಗಳು ಕೂರಲಿಲ್ಲ. ಧನದ ಗೂಟ ದಪ್ಪ, ಋಣದ್ದು ಸಣ್ಣ. ಒಂದು ಕೊಂಡಿಯನ್ನು ಅರದಿಂದ ತೀಡಿ ಅಗಲ ಮಾಡಿದರು, ಇನ್ನೊಂದಕ್ಕೆ ಚಹಾಪೆಟ್ಟಿಗೆಯೊಳಗಿನ ಸೀಸದ ಹಾಳೆ ಮಡಚಿ ತುಂಬಿದರು. ಮುಂದಿನ ಮೀಟರಿನ ತಂತಿ ಅದಲುಬದಲು, ಕಾಯಿಲಿನ ತಂತಿ ಅದಲುಬದಲು. ಕೊನೆಗೆ ಡೈನಮೋ. “ಇದಕ್ಕೆ ಹಳೆಯ ನೆನಪು ಇರ್ತದೆ, ಯಾವ ಕಡೆಗೆ ಕರೆಂಟು ಕೊಡ್ತಿದ್ದೆ ಅಂತ. ಅದನ್ನ ಮರೆಸಿ ಹೊಸದು ಕಲಿಸ್ಬೇಕು” ಎಂದರು. ಕಲಿಸುವುದೆಂದರೆ ಬ್ಯಾಟರಿಯಿಂದ ಒಂದು ತಂತಿ ತಂದು ಅದರ ಮೈಗೆ ಒಂದು ಗಳಿಗೆ ತಾಗಿಸಿ ತೆಗೆಯುವುದು. ಒಂದು ಕಿಡಿ ಬರುತ್ತದೆ, ಅಷ್ಟೇ. ಕಿಡಿ ಎಂದ ಕೂಡಲೇ ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಸ್ವಾನುಭವದಿಂದ ಹೇಳುತ್ತೇನೆ, ಧೈರ್ಯ ಎಲ್ಲರಿಗೂ ಬರುವುದಲ್ಲ. ಹೊರಗಿನಿಂದ “ಕಲೀತು, ಕಲೀತು” ಎಂಬ ದನಿ ಕೇಳಿದ ಮೇಲೆ ಬಾಗಿಲು ತೆಗೆದೆ.

ಆ ಖುಷಿಯೇ ಮುಳುವಾಯಿತು. ಮೀಟರಿನ ಮುಳ್ಳು ಸರಿಯಾದ ಕಡೆಗೆ ಹೊರಳುವುದನ್ನು ನೋಡುವುದಕ್ಕೆಂದು ಸಂಜೆಯೆಲ್ಲ ದೀಪ ಹಾಕಿ ಆರಿಸಿ, ಹಾರನ್ ಹೊಡೆದು, ಬೀದಿಯ ಮಕ್ಕಳನ್ನೆಲ್ಲ ಕರೆದು ತೋರಿಸಿ, ಬ್ಯಾಟರಿಯನ್ನು ಬರಿದು ಮಾಡಿಟ್ಟರು. ಬೆಳಿಗ್ಗೆ ಕಾರು ಉಸಿರೇ ಬಿಡಲಿಲ್ಲ. ನಾಲ್ಕು ಜನರನ್ನು ಕರೆದು ಇಳಿಜಾರಿನಲ್ಲಿ ತಳ್ಳಿಸೋಣ ಎಂದೆ. ಕೈಯಲ್ಲಿ ತಿರುಗಿಸುವ ಹ್ಯಾಂಡಲೂ ಡಿಕ್ಕಿಯಲ್ಲಿತ್ತು. ಅಕ್ಕ ಎರಡಕ್ಕೂ ಒಪ್ಪಲಿಲ್ಲ. “ಬೇಡ. ಜೀಪೇ ಬರಲಿ” ಎಂದರು. ಆಗ ನನಗೆ ಈ ಇಡೀ ಕೆಲಸ ಯಾತಕ್ಕೆಂದು ಸಂಶಯ ಉಳಿಯಲಿಲ್ಲ. ಅಣ್ಣನ ಮನೆಯ ಕರೆಂಟು ತನ್ನ ಕಾರಿಗೆ ಸೇರುವುದನ್ನು ಅವರು ಕಣ್ಣಾರೆ ನೋಡಬೇಕಾಗಿತ್ತು. ನನ್ನ ಕಣ್ಣು ತುಂಬಿತು. ಅವರಿಗೆ ತೋರಿಸಿಕೊಳ್ಳಲಿಲ್ಲ.

ಕಕ್ಕಬೆಯ ಬಸ್ಸು ನಮ್ಮ ಮನೆ ಮುಂದೆಯೇ ಹಾದುಹೋಗುತ್ತಿತ್ತು. ಕಂಡಕ್ಟರು ಮಲಯಾಳಿ, ಬಹಳ ವಿನಯದ ಮನುಷ್ಯ, ಯಾವಾಗಲೂ ಅವಸರ. ಅಕ್ಕ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದರು.

“ಕಕ್ಕಬೇಲಿ ನಮ್ಮ ಮನೆಯ ಓಣಿ ಹತ್ರ ಒಂದು ಮಾತು ಹೇಳಿ ಹೋಗ್ಬೇಕು, ಜೀಪಿನ ಡ್ರೈವರಿಗೆ. ಭೂಮಿ ಋಣ ಆಯ್ತು, ಇನ್ನು ನೀವು ಬರಬಹುದು ಅಂತ.”

“ಎಂತ ಆಯ್ತು ಟೀಚರೇ?”

“ಭೂಮಿ ಋಣ ಆಯ್ತು. ಅಷ್ಟು ಹೇಳಿದ್ರೆ ಸಾಕು, ಅವ್ರಿಗೆ ಅರ್ಥ ಆಗ್ತದೆ.”

ಆತ ಬಾಯಲ್ಲಿ ಒಮ್ಮೆ ಹೇಳಿಕೊಂಡು ವಿಸಿಲ್ ಊದಿದ. ಡ್ರೈವರ ಆ ದಿನ ಹಬ್ಬದ ರಜೆಗೆ ತನ್ನ ಊರಿಗೆ ಹೋಗಿದ್ದು ನಮಗಾಗಲೀ ಕಂಡಕ್ಟರಿಗಾಗಲೀ ಗೊತ್ತಿರಲಿಲ್ಲ. ಓಣಿಯ ಬಾಯಲ್ಲಿ ಪೇಪರಿಗಾಗಿ ಕಾದು ನಿಂತಿದ್ದದ್ದು ಅಣ್ಣ. ಡ್ರೈವರ ಕಾಣದಿದ್ದರೇನು, ಯಜಮಾನರೇ ಸಿಕ್ಕರಲ್ಲ ಎಂದು ಕಂಡಕ್ಟರು ಬಸ್ಸಿನಿಂದ ಇಳಿದು, ದೊಡ್ಡ ಮನುಷ್ಯರೆಂದು ತಲೆ ತಗ್ಗಿಸಿ ನಿಂತು ಹೇಳಿದ, “ಟೀಚರ ಮನೆಯಿಂದ ಹೇಳಿ ಕಳಿಸಿದಾರೆ. ಭೂಮಿ ಋಣ ಆಯ್ತಂತೆ. ಇನ್ನು ನೀವು ಬರಬಹುದಂತೆ.”

ಒಂದಕ್ಷರ ತಪ್ಪಿಲ್ಲ. ಭೂಮಿಯ ಋಣ ತೀರಿತು ಎಂದರೆ ಕನ್ನಡ ಬಲ್ಲ ಯಾರಿಗೂ ಒಂದೇ ಅರ್ಥ. ಊಟ ಆಯ್ತು ಎಂದರೆ ಊಟ ಮುಗಿಯಿತು ಎಂದಲ್ಲವೇ? ಅದರ ಮೇಲೆ ‘ಇನ್ನು ನೀವು ಬರಬಹುದು’ ಬೇರೆ. ಹೆಣ ನೋಡಲು ಮಾತ್ರ ಬರುತ್ತೇನೆ ಎಂದಿದ್ದ ಅಣ್ಣನಿಗೆ ಅದು ಸತ್ತವಳೇ ಹೇಳಿಸಿದ ಉತ್ತರದ ಹಾಗೆ ಕೇಳಿರಬೇಕು.

ಕೊಡಗಿನಲ್ಲಿ ಮನೆಯಲ್ಲಿ ಸಾವಾದರೆ ಅಂಗಳದಲ್ಲಿ ಕೋವಿಯಿಂದ ಎರಡು ಗುಂಡು ಹಾರಿಸುತ್ತಾರೆ, ಸುತ್ತಿನವರು ಕೇಳಿ ಬರುತ್ತಾರೆ. ಅಣ್ಣ ಎರಡು ಗುಂಡು ಹಾರಿಸಿ, ಅವ್ವನನ್ನು ಜೀಪಿಗೆ ಹತ್ತಿಸಿ, ತಾವೇ ಓಡಿಸಿಕೊಂಡು ಹೊರಟರು.

ಮಧ್ಯಾಹ್ನ ಇಳಿಯುವ ಹೊತ್ತು. ಅಕ್ಕ ಜಗಲಿಯಲ್ಲಿ ಕೂತು ಕೊಂಡಿಗಳನ್ನು ಬಿಸಿನೀರಿನಲ್ಲಿ ಉಜ್ಜುತ್ತಿದ್ದರು, ನಾನು ಪಕ್ಕದಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದೆ. ಜೀಪಿನ ಸದ್ದು ಕೇಳಿ ಅಕ್ಕನ ಮುಖ ಅರಳಿತು. ಜೀಪು ಪೂರ್ತಿ ನಿಲ್ಲುವ ಮೊದಲೇ ಅದರೊಳಗಿಂದ ಅಳು ಎದ್ದಿತು. “ನನ್ನ ಗೂಡೇ, ನನ್ನ ಗೂಡೇ” ಎನ್ನುತ್ತ ಅವ್ವ ಇಳಿದರು. ಹಿಂದಿನಿಂದ ಅಣ್ಣ, ಕಂಕುಳಲ್ಲಿ ಮಡಚಿದ ಬಿಳಿ ಬಟ್ಟೆ.

“ಅವ್ವಾ, ಎಂತ ಆತ್?” ಎಂದು ಅಕ್ಕ ಎದ್ದು ನಿಂತರು.

ಅಳು ಅರ್ಧಕ್ಕೆ ನಿಂತಿತು. ಅವ್ವ ಹತ್ತಿರ ಬಂದರು. ಮಗಳ ಮುಖ ಮುಟ್ಟಿದರು, ತೋಳು ಮುಟ್ಟಿದರು, ಗ್ರೀಸು ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಆಮೇಲೆ ಕೈ ಎತ್ತಿ ಬೆನ್ನಿಗೆ ಒಂದು ಬಿಟ್ಟರು. ಆ ಪೆಟ್ಟಿನ ಸದ್ದು ಎದುರು ಮನೆಗೂ ಕೇಳಿಸಿತು. ಹೊಡೆದ ಮೇಲೆ ಮಗಳನ್ನು ಹಿಡಿದುಕೊಂಡು ನಿಜವಾಗಿ ಅತ್ತರು. ಮೊದಲಿನದು ರಾಗದ ಅಳು, ಇದಕ್ಕೆ ರಾಗವಿರಲಿಲ್ಲ.

ಅಣ್ಣ ಗೇಟಿನಲ್ಲೇ ನಿಂತಿದ್ದರು. ಬಿಳಿ ಬಟ್ಟೆಯನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಒಮ್ಮೆ ಬೆನ್ನ ಹಿಂದೆ ಹಿಡಿದರು, ಒಮ್ಮೆ ಕಂಕುಳಿಗೆ ಸೇರಿಸಿದರು. ಏನು ನಡೆದಿದೆ ಎಂದು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕ ಗಾಬರಿಯಲ್ಲಿ ವಿವರಿಸಲು ಹೊರಟರು. ಗಾಬರಿಯಾದರೆ ಅವರಿಗೆ ಪುಸ್ತಕದ ಕನ್ನಡವೇ ಬರುವುದು. ಧನಾಗ್ರ, ಋಣಾಗ್ರ, ವಾಹಕ ಎಂದೆಲ್ಲ ತರಗತಿಯಲ್ಲಿ ಹೇಳಿದ ಹಾಗೆ ಹೇಳುತ್ತ ಹೋದರು. ನಾನು ಮಧ್ಯೆ ಬಾಯಿ ಹಾಕಿ, “ಬ್ಯಾಟರಿ ತಿರುಗಿಸಿ ಇಟ್ಟಿದ್ದು, ಅಷ್ಟೇ” ಎಂದೆ.

ಅಣ್ಣನ ಮುಖ ಕೆಂಪಗಾಯಿತು. ಕಣ್ಣೂ ಕೆಂಪಗಿತ್ತು, ಅದು ಮೊದಲೇ ಆಗಿದ್ದದ್ದು. “ನಿನ್ನ ಋಣನೂ ಬೇಡ, ಭೂಮಿನೂ ಬೇಡ. ಅವ್ವ, ಹೋಗೊಮಾ” ಎಂದು ತಿರುಗಿದರು. ನಾನು ಒಳಗಿನಿಂದ ತಂದ ಕಾಫಿಯ ಕಡೆ ನೋಡಲಿಲ್ಲ. ಸಾವಿನ ಮನೆಗೆಂದು ಹೊರಟವರು ಅಲ್ಲಿ ಬಾಯಿಗೆ ಏನೂ ಹಾಕುವುದಿಲ್ಲ. ಸತ್ತವರು ಎದುರಿಗೆ ನಿಂತಿದ್ದರೂ ಅವರು ನಿಯಮ ಬಿಡಲಿಲ್ಲ.

ಅವ್ವ ಜೀಪು ಹತ್ತಲಿಲ್ಲ. ಕಾರಿನ ಮುಂದಿನ ಬಾಗಿಲು ತೆಗೆದು ಒಳಗೆ ಕೂತರು. ಸೆರಗು ಸರಿಮಾಡಿಕೊಂಡು, “ನಾ ಗೂಡೆ ಕಾರ್‌ಲಿ ಬನ್ನೆ. ನಿಂಗೆ ಬೇಕಾರೆ ಜೀಪುಲಿ ಹೋಗ್” ಎಂದರು.

“ಅವ್ವ, ಕಾರು ಸ್ಟಾರ್ಟ್ ಆಗೂಲೆ” ಎಂದರು ಅಕ್ಕ ಮೆಲ್ಲಗೆ.

“ಜೀಪು ಉಟ್ಟಲ್ಲ” ಎಂದರು ಅವ್ವ. ಉಟ್ಟು ಎಂದರೆ ಇದೆ. ಎದುರಿನ ಗಾಜಿನಿಂದಾಚೆಗೆ ನೋಡುತ್ತ ಕೂತರು.

ಬೀದಿಯ ಜನ ಸೇರಿದ್ದರು. ಅಣ್ಣ ಒಂದಷ್ಟು ಹೊತ್ತು ಅವ್ವನನ್ನು ನೋಡಿದರು, ಜನರನ್ನು ನೋಡಿದರು. ಕೊನೆಗೆ ಬಿಳಿ ಬಟ್ಟೆಯನ್ನು ಜೀಪಿನ ಸೀಟಿನ ಮೇಲೆ ಎಸೆದು, ಸೀಟಿನ ಅಡಿಯಿಂದ ತಂತಿ ಎಳೆದರು. ಜೀಪನ್ನು ತಂದು ಕಾರಿಗೆ ಒತ್ತಿ ನಿಲ್ಲಿಸಿದರು. ತಂತಿಯ ತುದಿ ಕೈಯಲ್ಲಿ ಹಿಡಿದು ತಂಗಿಯ ಕಡೆ ತಿರುಗಿದರು. ಆ ದಿನದವರೆಗೆ ಎಷ್ಟೋ ವರ್ಷಗಳಲ್ಲಿ ಅವರು ತಂಗಿಯನ್ನು ಕೇಳಿದ ಮೊದಲ ಪ್ರಶ್ನೆ ಇದು.

“ಈಗ ಎರ್ಡೂ ಒಂದೇನಾ?”

“ಒಂದೇ ಅಣ್ಣ” ಎಂದರು ಅಕ್ಕ.

ತಂತಿ ತಾಗಿತು. ಈ ಸಲ ನಾನು ಅಡುಗೆಮನೆಗೆ ಓಡಲಿಲ್ಲ, ಕಣ್ಣು ಮಾತ್ರ ಮುಚ್ಚಿಕೊಂಡೆ. ಕಾರು ಒಮ್ಮೆ ಕೆಮ್ಮಿ ಎದ್ದಿತು.

ಮುಂದೆ ಜೀಪು, ಹಿಂದೆ ಕಾರು, ಹೀಗೆ ಕಕ್ಕಬೆಗೆ ಹೋದೆವು. ನನ್ನನ್ನೂ ಅವ್ವ ಹಿಂದಿನ ಸೀಟಿಗೆ ಎಳೆದುಕೊಂಡಿದ್ದರು. ದಾರಿಯಲ್ಲಿ ಎದುರಾದ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಅದೇ ಕಂಡಕ್ಟರು ನಿಂತು ಸಲಾಮು ಹೊಡೆದ. “ಪಾಪ, ಒಳ್ಳೆಯ ವಾಹಕ. ಹಾಕಿದ್ದನ್ನ ಹಾಕಿದ ಹಾಗೇ ತಲುಪಿಸಿದ” ಎಂದರು ಅಕ್ಕ.

ಅಂಗಳದಲ್ಲಿ ಜನ ತುಂಬಿತ್ತು. ಅತ್ತಿಗೆ ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿಟ್ಟಿದ್ದರು. ಸಾವಿನ ಮನೆಯಿಂದ ಬಂದವರು ಮೀಯದೆ ಒಳಗೆ ಕಾಲಿಡುವಂತಿಲ್ಲ. ಕಾರಿನಿಂದ ಇಳಿದವರನ್ನು ನೋಡಿ ಅತ್ತಿಗೆಯ ಕೈಯಿಂದ ಚೊಂಬು ಜಾರಿತು. ಸತ್ತವರು ಯಾರೂ ಇಲ್ಲ ಎಂದಾದ ಮೇಲೂ, ಹೊರಟದ್ದು ಸಾವಿನ ಮನೆಗೇ ಅಲ್ಲವೇ ಎಂದು ಅಣ್ಣ ಪಟ್ಟು ಹಿಡಿದರು. ಹಾಗಾಗಿ ಅಣ್ಣ ಮಿಂದರು, ಅವ್ವ ಮಿಂದರು, ನಾನೂ ಮಿಂದೆ. ಅಕ್ಕನೂ ತಮ್ಮ ಸಾವಿನ ಮೈಲಿಗೆಯನ್ನು ತಾವೇ ತೊಳೆದುಕೊಂಡು ಆ ಮನೆಯ ಹೊಸ್ತಿಲು ದಾಟಿದರು.

ಮನೆಯ ಹಿಂದೆ ಹೋದಾಗ ಮಾವಿನ ಮರವೊಂದರ ದೊಡ್ಡ ಕೊಂಬೆ ಕಡಿದು ಬಿದ್ದಿತ್ತು, ಹಾಲು ಇನ್ನೂ ಒಸರುತ್ತಿತ್ತು. ಚಿತೆಗೆ ಮಾವು ಬೇಕು. ತಂಗಿಯನ್ನು ಪೇಟೆಯಲ್ಲಿ ಬಿಡದೆ ಕುಟುಂಬದ ಮಸಣಕ್ಕೇ ತರಬೇಕೆಂದು ಅಣ್ಣ ಹೊರಡುವ ಮೊದಲು ಆಳುಗಳಿಗೆ ಹೇಳಿ ಹೋಗಿದ್ದರಂತೆ. ಅಕ್ಕ ಆ ಕೊಂಬೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ನಾನು ಅಲ್ಲಿ ನಿಲ್ಲಲಾರದೆ ಈಚೆಗೆ ಬಂದೆ. ಅಷ್ಟರಲ್ಲಿ ಅವ್ವ ಬಂದು, ಅದು ಉಪ್ಪಿನಕಾಯಿಯ ಮಾವು, ಬೇರೆ ಮರ ಕಾಣಲಿಲ್ಲವೇ ಎಂದು ಮಗನನ್ನು ಬೈಯತೊಡಗಿದರು.

ಹಾರಿಸಿದ ಗುಂಡನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ಹಿರಿಯರು ಮಾಡಿಟ್ಟಿರಲಿಲ್ಲ. ಸುದ್ದಿ ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ಆಗಿತ್ತು, ಜನ ಬರುತ್ತಲೇ ಇದ್ದರು. ಓಣಿಯಲ್ಲಿ ಅಳುತ್ತ ಬಂದವರಿಗೆ ಜಗಲಿಯಲ್ಲಿ ಸತ್ತವರೇ ಕೂತು ಕಾಫಿ ಕೊಡುತ್ತಿದ್ದರು. ಬಾಯಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಕಣ್ಣಲ್ಲಿ ನೋಡಬೇಕಿತ್ತು. ಅದಕ್ಕಾಗಿ ಅವ್ವ ಮಗಳನ್ನು ಜಗಲಿಯಿಂದ ಏಳಲು ಬಿಡಲಿಲ್ಲ, ತಾವೂ ಪಕ್ಕದಿಂದ ಏಳಲಿಲ್ಲ. ಸಾವಿನ ಸುಳ್ಳು ಸುದ್ದಿ ಹುಟ್ಟಿದರೆ ಆಯುಸ್ಸು ಹೆಚ್ಚುತ್ತದೆ ಎಂದು ಬಂದವರೆಲ್ಲ ಹರಸಿಹೋದರು. ಅಣ್ಣ ಮಾತ್ರ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತು, ತಂಗಿ ಇದ್ದ ಕಡೆ ತಿರುಗದೆ, ಬಂದವರಿಗೆಲ್ಲ “ಅಲ್ಲಿ ಉಟ್ಟು, ನೋಡಿ” ಎಂದು ಬೆರಳು ತೋರಿಸುತ್ತಿದ್ದರು.

ಕೆಲವು ದಿನ ಹೀಗೆ ನಡೆದು ಜನ ಕಡಿಮೆಯಾದರು. ಒಂದು ಸಂಜೆ ಯಾರೂ ಬರಲಿಲ್ಲ. ಅಕ್ಕ ಒಳಗೆ ಹೋಗಿ ಸೀರೆ ಮಡಚತೊಡಗಿದರು. ಬಂದ ಕೆಲಸ ಮುಗಿದಿತ್ತು, ಇನ್ನು ಕೂತಿರಲು ನೆಪವಿರಲಿಲ್ಲ. ಇರು ಎಂದು ಹೇಳಬೇಕಾದವರು ಹೇಳಿರಲಿಲ್ಲ. ಅವ್ವ ಬಾಗಿಲಿಗೆ ಒರಗಿ ನಿಂತು ಮಗಳ ಕೈಯನ್ನೇ ನೋಡುತ್ತಿದ್ದರು. ಚೀಲದ ಬಾಯಿ ಕಟ್ಟುವ ಹೊತ್ತಿಗೆ ಅಣ್ಣ ಹಜಾರಕ್ಕೆ ಬಂದರು. ತಂಗಿಯ ಕಡೆ ನೋಡದೆ, ಅವ್ವನ ಕಡೆ ತಿರುಗಿ, ಬೆಳೆಯ ವಿಷಯ ಹೇಳುವವರ ಹಾಗೆ ಹೇಳಿದರು:

“ಕರಿಕೆಯವು ಇನ್ನೂ ಬಾತ್ಲೆ. ಅವು ಬಂದ್ ನೋಡಿಕಂಡ್ ಹೋಗೊವರೆಗೆ ಇರೊಕು.”

ಅವರು ಬಂದು ನೋಡುವವರೆಗೆ ತಂಗಿ ಇರಬೇಕು ಎಂದು ಹೇಳಿ ಹೊರಗೆ ಹೋಗಿಬಿಟ್ಟರು. ಕರಿಕೆ ಎಂದರೆ ಘಟ್ಟದ ಆಚೆ, ಕೇರಳದ ಅಂಚು. ಅಲ್ಲಿಗೆ ಸುದ್ದಿ ಮುಟ್ಟಿ, ಅಲ್ಲಿಂದ ಜನ ಹೊರಟು ಬರಬೇಕೆಂದರೆ ರಜೆ ಮುಗಿದೇಹೋಗುತ್ತದೆ ಎಂದು ನನಗೆ ಶಾಲೆಯ ಚಿಂತೆ ಹತ್ತಿತು. ಅಡುಗೆಮನೆಗೆ ಹೋಗಿ ಅತ್ತಿಗೆಯನ್ನು ಕೇಳಿದೆ, ಕರಿಕೆಯಲ್ಲಿ ನಿಮಗೆ ಯಾರು ನೆಂಟರು, ಹತ್ತಿರದವರಾ ಎಂದು.

ಅತ್ತಿಗೆ ಒಲೆಯಿಂದ ತಲೆ ಎತ್ತದೆ, “ಕರಿಕೆಲಿ ನಮ್ಗೆ ಯಾರೂ ಇಲ್ಲೆ” ಎಂದರು.